ನಿಮ್ಮ ಮನಿ ಅಂತ ತಿಳ್ಕೋರಿ

ಬೆಂಗಳೂರಿನವರಿಗೆ ಮೈಸೂರಿನಲ್ಲೊಂದು ಮನೆ ಇರಬೇಕು ಅನಿಸುತ್ತದೆ. ಮೈಸೂರಿನವರಿಗೆ ಮಡಿಕೇರಿಯಲ್ಲಿ. ಮಡಿಕೇರಿಯವರಿಗೆ ಮತ್ತೆ ಮೈಸೂರಿನಲ್ಲೇ. ಮಳೆಗಾಲ ಹತ್ತಿರವಾಗುತ್ತಿದ್ದಂತೆ ಕೊಡಗಿನಿಂದ ಇಳಿದು ಬಂದು, “ಅಲ್ಲಿ ಒಂದು ಟವೆಲ್ಲೂ ಒಣಗೋಲ್ಲ ಕಣ್ರೀ” ಎನ್ನುತ್ತಾ ನಮ್ಮ ಬೀದಿಯ ಬಿಸಿಲಿಗೆ ರಗ್ಗು ಹರಡುವ ಸಂಸಾರಗಳಿವೆ. ಇದನ್ನು ವರ್ಷ ವರ್ಷ ಕಾಂಪೌಂಡಿನಿಂದಲೇ ನೋಡುತ್ತಾ ಬಂದಿದ್ದರೂ ನಮ್ಮವರು ಮಡಿಕೇರಿಯಲ್ಲಿ ಎರಡು ಕೋಣೆಯ ಫ್ಲ್ಯಾಟು ಕೊಂಡರು. ಬ್ಯಾಂಕಿನಿಂದ ನಿವೃತ್ತರಾದಾಗ ಒಟ್ಟಿಗೆ ಕೈಗೆ ಬಂದ ಹಣ ಗಂಡಸರನ್ನು ಎಂಥ ಬೆಟ್ಟವನ್ನಾದರೂ ಹತ್ತಿಸುತ್ತದೆ.

ತಿಂಗಳಿಗೊಮ್ಮೆ ಹೋಗಿ ಇದ್ದು ಬರುವುದೆಂದು ತೀರ್ಮಾನವಾಯಿತು. ದೂರವೇನು ಮಹಾ, 120 ಕಿಲೋಮೀಟರು. ಹುಣಸೂರು, ಪಿರಿಯಾಪಟ್ಟಣ, ಬೈಲುಕುಪ್ಪೆ, ಕುಶಾಲನಗರ ದಾಟಿ ಸುಂಟಿಕೊಪ್ಪದ ಏರು ಸಿಕ್ಕಿತೆಂದರೆ ಕಾರಿನ ಏಸಿ ಆರಿಸಿ ಕಿಟಕಿ ಇಳಿಸಬಹುದು. ಅಲ್ಲಿಯವರೆಗೆ ಎಲ್ಲವೂ ಚೆಂದ. ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ, ನನ್ನ ಡ್ಯೂಟಿ ಶುರುವಾಗುತ್ತದೆ. ನಮ್ಮವರು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಮಂಜು ನೋಡುತ್ತಾರೆ. ನಾನು ಗೋಡೆಗೋಡೆಯ ಬೂಷ್ಟು ನೋಡುತ್ತೇನೆ. ಅವರು ಎರಡನೇ ಕಾಫಿ ಮುಗಿಸುವಷ್ಟರಲ್ಲಿ ನಾನು ಎರಡೂ ಕೋಣೆ ಗುಡಿಸಿ, ಒರೆಸುವುದಕ್ಕೆ ಬಕೆಟ್ಟು ತುಂಬಿಸಿರುತ್ತೇನೆ. ರಜೆಯ ಮನೆ ಎಂದರೆ ಗಂಡಸರಿಗೆ ರಜೆ, ಹೆಂಗಸರಿಗೆ ಇನ್ನೊಂದು ಮನೆ.

ಸುಮ್ಮನೆ ಬೀಗ ಹಾಕಿಡುವುದೇಕೆ ಎಂದು ವಾರಾಂತ್ಯಕ್ಕೆ ಬಾಡಿಗೆಗೆ ಕೊಟ್ಟೂ ನೋಡಿದೆವು. ನಾಲ್ವರೆಂದು ಹೇಳಿ ಹನ್ನೊಂದು ಜನ ಬರುವುದು, ನಡುರಾತ್ರಿ ಫೋನ್ ಮಾಡಿ “ಆಂಟೀ, ವೈಫೈ ಪಾಸ್‌ವರ್ಡ್ ಏನು?” ಎಂದು ಕೇಳುವುದು, ಬಾಲ್ಕನಿಯಲ್ಲಿ ಇದ್ದಿಲು ಉರಿಸಿ ಕೋಳಿ ಸುಡುವುದು. ಸೋಮವಾರ ಬೆಳಿಗ್ಗೆ ವಾಚ್‌ಮನ್ ಫೋಟೋ ಕಳಿಸುತ್ತಿದ್ದ. ನಾನು ನೋಡುತ್ತಿರಲಿಲ್ಲ.

ಆಗ ಹುಟ್ಟಿದ್ದು ನಮ್ಮವರ ಹೊಸ ಲೆಕ್ಕ. ಬರುವವರು ಹೋಗುವವರ ಗೊಡವೆಯೇ ಬೇಡ. ಒಬ್ಬರೇ ಬಾಡಿಗೆದಾರರು, ಇಡೀ ಮಳೆಗಾಲ, ಜೂನ್‌ನಿಂದ ಸೆಪ್ಟೆಂಬರ್. “ಮಳೆಗಾಲದಲ್ಲಿ ಮಡಿಕೇರಿಗೆ ಯಾವ ಪುಣ್ಯಾತ್ಮ ಬರ್ತಾನೆ?” ಎಂದೆ. ನನ್ನ ಪ್ರಶ್ನೆಯಲ್ಲಿ ನ್ಯಾಯವಿತ್ತು. ಮೈಸೂರಿಗೆ ಇಡೀ ವರ್ಷದಲ್ಲಿ ಬೀಳುವಷ್ಟು ಮಳೆಯನ್ನು ಮಡಿಕೇರಿ ಜುಲೈ ಒಂದರಲ್ಲೇ ಸುರಿದು ಮುಗಿಸುತ್ತದೆ. ಅಲ್ಲಿನ ಕಾಫಿ ತೋಟದವರು ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಡೈರಿಯಲ್ಲಿ ಬರೆದಿಡುತ್ತಾರೆ; ಬೆಳಿಗ್ಗೆ ಎದುರು ಸಿಕ್ಕವರಿಗೆ ನಮಸ್ಕಾರಕ್ಕೂ ಮೊದಲು “ನಿಮ್ಮಲ್ಲಿ ಎಷ್ಟಾಯ್ತು?” ಎಂದು ಕೇಳುತ್ತಾರೆ. ಅಂಥ ಊರಿಗೆ ಅಂಥ ಕಾಲದಲ್ಲಿ ದುಡ್ಡು ಕೊಟ್ಟು ಬರುವವರು ಯಾರು?

ಬಂದರು. ಧಾರವಾಡದ ಕಡೆಯವರು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಫೋನಿನಲ್ಲಿ ಅವರ ಮೊದಲ ಪ್ರಶ್ನೆ: “ನಿಮ್ಮಲ್ಲಿ ಮಳಿ ನೀರು ನಿಲ್ತದೇನ್ರಿ?”

ನಮ್ಮವರು ಎದೆಯುಬ್ಬಿಸಿ, “ಒಂದು ಹನಿಯೂ ನಿಲ್ಲಲ್ಲ ಸರ್, ಡ್ರೈನೇಜ್ ಫಸ್ಟ್ ಕ್ಲಾಸಾಗಿದೆ” ಎಂದರು.

ಆ ಕಡೆ ನಿಟ್ಟುಸಿರು. “ಛೇ, ನಿಲ್ಲೂದಿಲ್ಲೇನ್ರಿ?”

ಮೂವತ್ತೈದು ವರ್ಷ ಸಾಲ ಕೊಟ್ಟು ವಸೂಲಿ ಮಾಡಿದ ಮನುಷ್ಯ ನಮ್ಮವರು. ಗಿರಾಕಿಯ ಮನಸ್ಸು ತಿಳಿಯಲು ಎಷ್ಟು ಹೊತ್ತು? “ಹಿಂದುಗಡೆ ತೋಟದ ಮಗ್ಗುಲಲ್ಲಿ ನಿಲ್ಲತ್ತೆ ಸರ್. ಮೊಣಕಾಲುದ್ದ.”

“ಹಂಗಾದ್ರ ಅಡ್ವಾನ್ಸ್ ಕಳಸ್ತೀನ್ರಿ.”

ಮೇಷ್ಟ್ರಿಗೆ ಬೇಕಾದದ್ದು ಮನೆಯಲ್ಲ, ಕಪ್ಪೆ. ಕಪ್ಪೆಗಳಿಗೆ ಮುಂಗಾರೇ ಮದುವೆಯ ಕಾಲ. ಗಂಡು ಕಪ್ಪೆಗಳು ರಾತ್ರಿಯೆಲ್ಲ ಕೂಗಿ ಹೆಣ್ಣನ್ನು ಕರೆಯುತ್ತವೆ, ಒಂದೊಂದು ಜಾತಿಗೂ ಒಂದೊಂದು ಕೂಗು. ಅದನ್ನು ರೆಕಾರ್ಡ್ ಮಾಡಿಕೊಳ್ಳುವುದು ಮೇಷ್ಟ್ರ ನಿವೃತ್ತಿ ಜೀವನದ ಹವ್ಯಾಸ. ಮನೆಯವರು ಇದಕ್ಕೆ ಒಪ್ಪಿದ್ದಾರೆಯೇ ಎಂದು ಕೇಳಿದೆ. ಅವರು ನಾಲ್ಕು ತಿಂಗಳು ಪುಣೆಯ ಮಗಳ ಮನೆಯಲ್ಲಿರುತ್ತಾರಂತೆ. ಆ ಹೆಂಗಸಿನ ಬಗ್ಗೆ ನನಗೆ ಗೌರವ ಮೂಡಿತು.

ಕರಾರು ಪತ್ರ ಮಾಡಿಸಲು ಕೋರ್ಟಿನ ಮುಂದಿನ ಟೈಪಿಂಗ್ ಅಂಗಡಿಗೆ ಹೋದೆವು. ನಾಲ್ಕು ತಿಂಗಳು ಎಂದರೆ ಟೈಪಿಸ್ಟ್ ಮಹಾಶಯರು ಬೆರಳೆತ್ತಿ ಹಿಡಿದರು. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ರಿಜಿಸ್ಟರ್ ಮಾಡಿಸಲೇಬೇಕು. ಅದನ್ನು ತಪ್ಪಿಸಿಕೊಳ್ಳಲು ದೇಶಕ್ಕೆ ದೇಶವೇ ಹನ್ನೊಂದು ತಿಂಗಳ ಬಾಡಿಗೆಯಲ್ಲಿ ಬದುಕುತ್ತಿದೆ. ಅವರ ಕಂಪ್ಯೂಟರಿನಲ್ಲಿ ಇದ್ದದ್ದೂ ಹನ್ನೊಂದರ ನಮೂನೆಯೊಂದೇ. “ನಾಲ್ಕಕ್ಕೆ ಮ್ಯಾಟರ್ ಇಲ್ಲ ಸರ್” ಎಂದು ಗೊಣಗುತ್ತಲೇ, “ಈ ದಿನ ಬರೆಸಿಕೊಟ್ಟ ಬಾಡಿಗೆ ಕರಾರು ಪತ್ರದ ಕ್ರಮವೇನೆಂದರೆ” ಎಂದು ಶುರು ಮಾಡಿದರು. ಚಕ್ಕುಬಂದಿ ಕೇಳಿದಾಗ ನಮ್ಮವರು ತಡವರಿಸಿದರು. ನಾವು ಹೋದಾಗಲೆಲ್ಲ ಪೂರ್ವಕ್ಕೂ ಮಂಜು, ಪಶ್ಚಿಮಕ್ಕೂ ಮಂಜು.

ಮನೆಯೊಳಗಿನ ಸಾಮಾನಿನ ಪಟ್ಟಿ ನನ್ನ ಪಾಲಿಗೆ ಬಂತು. ಚಮಚ 6, ಸ್ಟೀಲ್ ಲೋಟ 6, ಕುಕ್ಕರ್ 1, ನಾನ್‌ಸ್ಟಿಕ್ ತವಾ 1 (ಮೊದಲೇ ಗೀರು ಬಿದ್ದದ್ದು), ಹೀಗೆ ಎರಡು ಹಾಳೆ. ಒಳ್ಳೆಯ ಪಾತ್ರೆ, ಒಳ್ಳೆಯ ಬೆಡ್‌ಶೀಟು, ನಮ್ಮವರ ಚರ್ಮದ ಬೆಲ್ಟು, ಚಪ್ಪಲಿಗಳನ್ನೆಲ್ಲ ಒಂದು ಗೋಡೆ ಕಪಾಟಿನೊಳಗೆ ತುಂಬಿ ಬೀಗ ಹಾಕಿದೆ. ಸಹಿ ಮಾಡಿ ಕಳಿಸಿ ಎಂದು ಮೇಷ್ಟ್ರಿಗೆ ಪಟ್ಟಿ ಕೊಟ್ಟರೆ, ಅವರು ಎಲ್ಲ ಎಣಿಸಿ ನೋಡಿ, ಕೊನೆಯಲ್ಲಿ ಚೆಂದದ ಅಕ್ಷರದಲ್ಲಿ ಸೇರಿಸಿ ಕಳಿಸಿದ್ದರು: “ಹಲ್ಲಿ 2. ಜೇಡ 1. ಬಚ್ಚಲಲ್ಲಿ ಮರಗಪ್ಪೆ 1 (ಗಂಡು).”

ಅಲ್ಲಿಗೆ ನೆಮ್ಮದಿಯಾಗಿ ಮೈಸೂರಿನಲ್ಲಿ ಕೂತು ತಿಂಗಳ ಮೊದಲ ತಾರೀಕಿಗೆ ಬಾಡಿಗೆ ಎಣಿಸಬೇಕಿತ್ತು. ಮನೆ ನಮ್ಮದಾಗಿದ್ದಾಗ “ಈ ತಿಂಗಳು ಬೇಡ ಬಿಡಿ, ಯಾರು ಅಷ್ಟು ದೂರ ಹೋಗ್ತಾರೆ” ಎನ್ನುತ್ತಿದ್ದವರು ನಾವೇ. ಕೀಲಿಕೈ ಇನ್ನೊಬ್ಬರ ಜೇಬು ಸೇರಿದ ವಾರದಲ್ಲೇ ನನಗೂ ಮಡಿಕೇರಿಯ ಹಂಬಲ ಹತ್ತಿತು. ನಮ್ಮವರಿಗಂತೂ ಗೀಸರ್ ನೆನಪಾಗತೊಡಗಿತು. ಅದು ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ, ಇನ್‌ವರ್ಟರ್ ಬ್ಯಾಟರಿಗೆ ನೀರು ಹಾಕಬೇಕೋ ಏನೋ, ಒಂದು ಸಲ ನೋಡಿಬರಬೇಕಲ್ಲ. ಬಾಡಿಗೆದಾರರು ದೂರು ಕೊಡಲಿ ಎಂದು ಕಾಯುವ ಮಾಲೀಕರನ್ನು ನೀವು ನೋಡಿರಲಿಕ್ಕಿಲ್ಲ. ನಮ್ಮವರು ದಿನಾ ಸಂಜೆ ಫೋನ್ ಮಾಡಿ, “ಏನಾದ್ರೂ ತೊಂದ್ರೆ ಇದೆಯಾ ಸರ್?” ಎಂದು ಆಸೆಯಿಂದ ಕೇಳುತ್ತಿದ್ದರು. “ಏನಿಲ್ರಿ, ಭಾಳ ಆರಾಮ ಅದೀನಿ” ಎಂಬ ಉತ್ತರ ಬಂದರೆ ಮುಖ ಸಪ್ಪಗಾಗುತ್ತಿತ್ತು.

ಕೊನೆಗೂ ದೂರು ಬಂತು, ಬೇರೆ ಕಡೆಯಿಂದ. ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ ಬರೆದಿದ್ದರು: ನಿಮ್ಮ ಫ್ಲ್ಯಾಟಿನ ಮನುಷ್ಯ ರಾತ್ರಿ ಹನ್ನೊಂದಕ್ಕೆ ಗಂಬೂಟು ಹಾಕಿ, ಹಣೆಗೆ ಲೈಟು ಕಟ್ಟಿಕೊಂಡು ತೋಟದ ಕಡೆ ಇಳಿದು ಹೋಗುತ್ತಾನೆ, ಬೆಳಗಿನ ಜಾವ ಕೆಸರು ಮೆತ್ತಿಕೊಂಡು ಬರುತ್ತಾನೆ. ಹತ್ತು ನಿಮಿಷದಲ್ಲಿ ಗುಂಪು ಒಮ್ಮತಕ್ಕೆ ಬಂತು: ನಿಧಿ! ರಾಜರ ಕಾಲದ ಊರು ಬೇರೆ. ಓಂಕಾರೇಶ್ವರ ದೇವಸ್ಥಾನ ಕಟ್ಟಿಸಿದ ಲಿಂಗರಾಜೇಂದ್ರ ಇನ್ನೆಲ್ಲೆಲ್ಲಿ ಏನೇನು ಹೂತಿಟ್ಟಿದ್ದನೋ ಎಂದು ಒಬ್ಬರು. ಪಾಲು ಹೇಗೆ ಎಂಬ ಅರ್ಥದಲ್ಲಿ ಇನ್ನೊಬ್ಬರು. ನಮ್ಮವರು ಗಂಭೀರವಾಗಿ ಕಾರಿನ ಕೀಲಿಕೈ ತೆಗೆದುಕೊಂಡರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಪೆನ್ಷನ್ ಪರಿಷ್ಕರಣೆಯಾದ ದಿನವೂ ನೋಡಿರಲಿಲ್ಲ.

ಆದರೆ ಉಳಿಯುವುದೆಲ್ಲಿ? ಎದುರು ರಸ್ತೆಯ ಹೋಂಸ್ಟೇನಲ್ಲಿ ಕೋಣೆ ಹಿಡಿದೆವು. ಅಲ್ಲಿನ ಆಂಟಿ ನಮ್ಮ ಆಧಾರ್ ನೋಡುತ್ತಾ, “ಮಡಿಕೇರಿಯಲ್ಲಿ ನಿಮ್ಮದೇ ಮನೆ ಇದೆಯಲ್ಲ?” ಎಂದರು. ಇದೆ, ಬಾಡಿಗೆಗೆ ಕೊಟ್ಟಿದ್ದೀವಿ ಎಂದೆ. ಅವರು ನಗಲಿಲ್ಲ. “ನಾವೂ ಅಷ್ಟೇ. ಜನ ಬಂದ್ರೆ ನಾವು ಹಿಂದೆ ಕಾಫಿ ಮೂಟೆ ಇಡೋ ರೂಮಲ್ಲಿ ಮಲಗೋದು” ಎಂದರು.

ಮೇಷ್ಟ್ರು ಬಾಗಿಲು ತೆರೆದು, “ಬರ್ರಿ, ಬರ್ರಿ, ಒಳಗ ಬರ್ರಿ! ಸಂಕೋಚ ಮಾಡ್ಕೋಬ್ಯಾಡ್ರಿ, ನಿಮ್ಮ ಮನಿ ಅಂತ ತಿಳ್ಕೋರಿ” ಎಂದರು. ನಮ್ಮವರು ನಿಜವಾಗಿಯೂ ಸಂಕೋಚದಿಂದ ಸೋಫಾದ ತುದಿಯಲ್ಲಿ ಕೂತರು. ಸುತ್ತಲೂ ಕಾಫಿ ತೋಟವಿರುವ ಊರಿನಲ್ಲಿ ಶುಂಠಿ ಹಾಕಿದ ಚಹಾ ಬಂತು, ಜೊತೆಗೆ ಖಾರ ಹಚ್ಚಿದ ಚುನಮುರಿ. ಮನೆ ನೋಡಿದೆ. ನನ್ನ ಮನೆ ಅಷ್ಟು ಚೊಕ್ಕಟವಾಗಿ, ಅಷ್ಟು ಬೆಚ್ಚಗೆ ಇದ್ದದ್ದನ್ನು ನಾನು ಕಂಡಿರಲಿಲ್ಲ. ಗೋಡೆಯಲ್ಲಿ ಬೂಷ್ಟಿಲ್ಲ. ದಿನಾ ಒಲೆ ಹೊತ್ತಿ, ಕಿಟಕಿ ತೆರೆದು ಮುಚ್ಚಿ, ಮನುಷ್ಯರು ಓಡಾಡಿಕೊಂಡಿದ್ದರೆ ಅದು ಹತ್ತಿರ ಸುಳಿಯುವುದಿಲ್ಲವಂತೆ. ಹಾಗಾದರೆ ನೋಡೋಣ ಎಂದು ನನ್ನ ಬೀಗದ ಕಪಾಟು ತೆರೆದೆ. ಬೆಲ್ಟಿಗೆ ಹಸಿರು ಬಂದಿತ್ತು, ಚಪ್ಪಲಿಗೆ ಬಿಳಿ ಕೂದಲು ಹುಟ್ಟಿತ್ತು, ಒಳ್ಳೆಯ ಬೆಡ್‌ಶೀಟಿನ ಮೇಲೆ ಕಪ್ಪು ಚುಕ್ಕೆ ಹಾಸಿತ್ತು. ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿ ನೋಡಿ, “ಇಲ್ಲೇ ಮೂರು ಥರದ್ದು ಅದಾವ್ರಿ” ಎಂದು ಮೆಚ್ಚುಗೆ ಸೂಚಿಸಿದರು.

ನಿಧಿಯ ವಿಷಯ ಕೇಳಿ ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ, ನಿಧಿ ಇರುವುದು ನಿಜವೇ ಎಂದು ಸಿ. ಆರ್. ನಾರಾಯಣರಾಯರ ಕಥೆ ಹೇಳಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದ, ಮುಂದೆ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾದ ಮಹನೀಯರು. 1920ರಲ್ಲಿ ಅವರು ಕೊಡಗಿನ ಒಂದು ಪುಟ್ಟ ಇರುಳುಗಪ್ಪೆಯನ್ನು ಗುರುತಿಸಿ ಹೆಸರಿಟ್ಟರು. ಆಮೇಲೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಇನ್ನಿಲ್ಲವೆಂದೇ ಎಲ್ಲರೂ ಅಂದುಕೊಂಡಿದ್ದಾಗ, 91 ವರ್ಷದ ಮೇಲೆ, 2011ರಲ್ಲಿ ಮತ್ತೆ ಸಿಕ್ಕ ಸುದ್ದಿ ಬಂತು. ಅದಕ್ಕೊಂದು ವರ್ಷ ಮೊದಲು ಪೊದೆಗಪ್ಪೆಗಳ ಒಂದು ಕುಲಕ್ಕೇ ರಾಯರ ಹೆಸರು ಸೇರಿಸಿ ‘ರಾವೋರ್ಕೆಸ್ಟಿಸ್’ ಎಂದು ಕರೆದರು. ಎಲೆಯ ಮೇಲೋ ನೆಲದಲ್ಲೋ ಇಟ್ಟ ಮೊಟ್ಟೆಯೊಳಗಿಂದ ನೇರವಾಗಿ ಮರಿಗಪ್ಪೆಯೇ ಹೊರಬರುವ, ಗೊದಮೊಟ್ಟೆಯ ತಾಪತ್ರಯವೇ ಇಲ್ಲದ ಕಪ್ಪೆಗಳವು.

ನಮ್ಮವರು ಬಾಯಿ ತೆರೆದು ಕೇಳುತ್ತಿದ್ದರು. “ನಮ್ಮಲ್ಲಿ ಹತ್ತು ವರ್ಷ ವ್ಯವಹಾರ ಇಲ್ಲದಿದ್ರೆ ಖಾತೆಯ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿಬಿಡತ್ತೆ ಸರ್. ತೊಂಬತ್ತೊಂದು ವರ್ಷ ಆದ್ಮೇಲೆ ಗಿರಾಕಿ ವಾಪಸ್ ಬರೋದು ಅಂದ್ರೆ!” ಆ ರಾತ್ರಿಯೇ ಅವರೂ ಗಂಬೂಟು ಹಾಕಿದರು. ಬೆಳಿಗ್ಗೆ ಕಾಲಿಗೆ ಅಂಟಿದ್ದ ಜಿಗಣೆಗಳಿಗೆ ಉಪ್ಪು ಹಾಕಿದವಳು ನಾನು.

ಅಲ್ಲಿಂದ ಮುಂದೆ ನೆಪ ಬೇಕಾಗಲಿಲ್ಲ. ಆಗಸ್ಟ್ 3ಕ್ಕೆ ಹೋದದ್ದಂತೂ ಮೇಷ್ಟ್ರ ಆಹ್ವಾನದ ಮೇಲೆಯೇ. ಅಂದು ಕಕ್ಕಡ ಹದಿನೆಂಟು, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದುಸೊಪ್ಪಿನಲ್ಲಿ ಆ ದಿನಕ್ಕೆ ಹದಿನೆಂಟು ಬಗೆಯ ಔಷಧ ಸೇರಿರುತ್ತದೆಂದು ಕೊಡಗಿನವರ ನಂಬಿಕೆ. ಕೆಳಗಿನ ಮನೆಯ ಕೊಡವ ಆಂಟಿ ಸೊಪ್ಪು ಬೇಯಿಸಿ, ಆ ಕಡುನೇರಳೆ ರಸದಲ್ಲಿ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡಿ ಪಾತ್ರೆ ತುಂಬ ಕಳಿಸಿದ್ದರು. ಯಾರಿಗೆ? ಮೇಷ್ಟ್ರಿಗೆ. ನಾವು ಮಾಲೀಕರಾಗಿದ್ದಾಗ ಆಕೆ ನಮಗೆ ಒಂದು ಲೋಟ ಮಜ್ಜಿಗೆ ಕೊಟ್ಟವರಲ್ಲ. ನಮ್ಮವರು ಮೂರು ಬಟ್ಟಲು ಖಾಲಿ ಮಾಡಿದರು.

ಮರುದಿನ ಬೆಳಿಗ್ಗೆ ಹೋಂಸ್ಟೇಯ ಬಚ್ಚಲಿನಿಂದ ಹೊರಬಂದವರ ಮುಖ ಬಿಳಿಚಿಕೊಂಡಿತ್ತು. ಮಂಚದ ಮೇಲೆ ಕೂತು, ಲಾಕರ್ ಕೀಲಿಕೈ ಎಲ್ಲಿದೆ, ಯಾವ ಡಿಪಾಸಿಟ್ಟಿಗೆ ಯಾರು ನಾಮಿನಿ ಎಂದು ಶಾಂತವಾಗಿ ಹೇಳತೊಡಗಿದರು. ನನಗೆ ಕೈಕಾಲು ನಡುಗಿತು. “ಏನಾಯ್ತು ಹೇಳೀಂದ್ರೆ!” “ಕೆಂಪಗೆ ಹೋಯ್ತು ಕಣೇ. ಕಿಡ್ನಿ.” ಗಾಬರಿಯಲ್ಲಿ ಕೆಳಗೆ ಓಡಿ ಹೋಂಸ್ಟೇ ಆಂಟಿಯನ್ನು ಆಸ್ಪತ್ರೆ ಎಲ್ಲಿ ಎಂದು ಕೇಳಿದೆ. ಅವರು ಒತ್ತುಶ್ಯಾವಿಗೆ ಒತ್ತುತ್ತಾ, ತಲೆಯೆತ್ತದೆ, “ನಿನ್ನೆ ಮದ್ದು ಪಾಯಸ ಕುಡಿದ್ರಾ?” ಎಂದರು. “ಎಲ್ಲರಿಗೂ ಕೆಂಪಗೇ ಹೋಗೋದು. ಹೋಗದಿದ್ರೆ ಮದ್ದು ಹತ್ತಿಲ್ಲ ಅಂತ.” ವಿಷಯ ತಿಳಿದ ಮೇಲೆ ನಮ್ಮವರು ಎದ್ದು ಕೂತು, ನಾಮಿನಿ ವಿಷಯ ಯಾರಿಗೂ ಹೇಳಬೇಡ ಎಂದರು.

ಸೆಪ್ಟೆಂಬರ್ ಕೊನೆಗೆ ಮೇಷ್ಟ್ರು ಗಂಟುಮೂಟೆ ಕಟ್ಟಿದರು. ಚಮಚ 6, ಲೋಟ 6, ತವಾದಲ್ಲಿ ಹೊಸ ಗೀರಿಲ್ಲ. ಪಟ್ಟಿಯಲ್ಲಿ ಅವರೇ ತಿದ್ದಿದ್ದರು: ಜೇಡ 1 ಹೊಡೆದುಹಾಕಿ, “ಮರಿ ಸೇರಿ ಸುಮಾರು 40.” ನಮ್ಮವರು ಡಿಪಾಸಿಟ್ ಹಿಂತಿರುಗಿಸಿ ರಾತ್ರಿ ಲೆಕ್ಕಕ್ಕೆ ಕೂತರು. ಬಂದ ಬಾಡಿಗೆ ಒಂದು ಕಡೆ. ಪೆಟ್ರೋಲು, ಹೋಂಸ್ಟೇ, ಗಂಬೂಟು, ಹಣೆಯ ಲೈಟು, ಹೊಸ ಬೆಲ್ಟು ಇನ್ನೊಂದು ಕಡೆ. ಕೂಡಿಸಿದರು, ಮತ್ತೊಮ್ಮೆ ಕೂಡಿಸಿದರು, ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು. ಎಷ್ಟು ಉಳಿಯಿತು ಎಂದು ನಾನು ಕೇಳಲಿಲ್ಲ, ಬ್ಯಾಂಕಿನವರನ್ನು ಅಷ್ಟು ನೋಯಿಸಬಾರದು.

ಬರುವ ಜೂನಿಗೂ ಮನೆ ಮೇಷ್ಟ್ರಿಗೇ. ಬಾಡಿಗೆ ಸ್ವಲ್ಪ ಏರಿಸಿದ್ದೇವೆ. ಅವರು ಚಕಾರ ಎತ್ತಲಿಲ್ಲ, ಒಂದು ಷರತ್ತು ಮಾತ್ರ ಹಾಕಿದರು: ನಡುವೆ ಪೇಂಟಿಂಗು, ಪ್ಲಂಬಿಂಗು ಏನೇ ಮಾಡಿಸಿದರೂ ಬಚ್ಚಲಿನ ಮರಗಪ್ಪೆಯನ್ನು ಎಬ್ಬಿಸಕೂಡದು, ಅದು ಕರಾರಿನಲ್ಲೇ ಬರಬೇಕು. ಟೈಪಿಂಗ್ ಅಂಗಡಿಗೆ ಹೋಗಿ ಹೇಳಿದೆವು. ಟೈಪಿಸ್ಟ್ ಮಹಾಶಯರು ಎಲ್ಲ ಕೇಳಿಸಿಕೊಂಡು, ಕೀಬೋರ್ಡಿನಿಂದ ಕಣ್ಣು ತೆಗೆಯದೆ ಹೇಳಿದರು:

“ಒಂದನೇ ಪಾರ್ಟಿ ನೀವು, ಎರಡನೇ ಪಾರ್ಟಿ ಅವರು. ಇದನ್ನ ಮೂರನೇ ಪಾರ್ಟಿ ಅಂತ ಹಾಕೋಣ. ತಂದೆ ಹೆಸರು ಹೇಳಿ.”