ಭಾವನ ತವರದ ಸೈನ್ಯ

ನಮ್ಮ ಭಾವನ ಎದುರು ‘ಅದು ಅಂಗಡೀಲಿ ಸಿಗತ್ತೆ’ ಎಂದು ಮಾತ್ರ ಹೇಳಬಾರದು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮನೆಯಲ್ಲೇ ಸೋಪು ಮಾಡಿದರು, ನೊರೆ ಬರಲಿಲ್ಲ. ಊದುಬತ್ತಿ ಹೊಸೆದರು, ಹತ್ತಿಕೊಳ್ಳಲಿಲ್ಲ. ಈ ಸಲ ದಸರಾ ಗೊಂಬೆಗಳ ಸರದಿ. ಪಟ್ಟದ ಗೊಂಬೆಗಳ ಮುಂದೆ ನಿಲ್ಲಿಸಲು ಲೋಹದ ಸಿಪಾಯಿಗಳು ಬೇಕಂತೆ, ಇಪ್ಪತ್ತು.

‘ಮಾರ್ಕೆಟ್ಟಲ್ಲಿ ಹುಡುಕೋಣವಾ ಭಾವ?’ ಅಂದೆ.

‘ರಬ್ಬರ್ ಅಚ್ಚು ಒಂದು ಮಾಡ್ಕೊಂಡ್ರೆ ಸಾವಿರ ಎರಕ ಹೊಯ್ಯಬಹುದು ಕಣಯ್ಯಾ!’

ಎಂ-ಸೀಲ್‌ನಲ್ಲಿ ಎರಡಿಂಚಿನ ಸಿಪಾಯಿಯನ್ನು ತಿದ್ದಿದರು. ಮೊಮ್ಮಗನ ಕ್ಲೇಯಲ್ಲಿ ಅವನನ್ನು ಅರ್ಧ ಹೂತು, ಅದೇ ಮೊಮ್ಮಗನ ಲೆಗೊ ಇಟ್ಟಿಗೆಗಳಿಂದ ಸುತ್ತ ಗೋಡೆ ಕಟ್ಟಿದರು. ಅಚ್ಚಿನ ಎರಡು ಭಾಗ ಕೂಡಿಸಿದಾಗ ಅಲುಗಬಾರದೆಂದು ಪೆನ್ಸಿಲ್ ತುದಿಯಿಂದ ಮೂಲೆಗಳಲ್ಲಿ ಗುಳಿ ಒತ್ತಿದರು. ಸಿಲಿಕೋನ್ ರಬ್ಬರಿಗೆ ಹಾರ್ಡ್ನರ್ ಕಲಸಿ, ಗುಳ್ಳೆ ಏಳದಂತೆ ಎತ್ತರದಿಂದ ನೂಲಿನಷ್ಟು ಸಣ್ಣಗೆ ಬಿಟ್ಟರು. ಮಾರನೆಯ ದಿನ ಕ್ಲೇ ಕಿತ್ತು ಎರಡನೆಯ ಭಾಗ ಹೊಯ್ದರು. ನಡುವೆ ವ್ಯಾಸಲೀನ್ ಸವರುವುದನ್ನು ಮರೆತರು.

ಸಿಲಿಕೋನ್ ಬೇರೆ ಯಾವುದಕ್ಕೂ ಸುಲಭಕ್ಕೆ ಅಂಟುವುದಿಲ್ಲ, ತನ್ನ ಕುಲದವರನ್ನು ಕಂಡರೆ ಮಾತ್ರ ಬಿಡುವುದಿಲ್ಲ. ಎರಡು ಭಾಗವೂ ಒಂದೇ ಮುದ್ದೆಯಾಗಿ, ಸಿಪಾಯಿ ಒಳಗೇ ಬಂದಿಯಾದ. ಕುಯ್ದು ಬಿಡಿಸಿಕೊಂಡು ಮತ್ತೆ ಮೊದಲಿನಿಂದ ಶುರು.

ಲೋಹದ ವಿಷಯದಲ್ಲಿ ಭಾವನದು ಕಟ್ಟುನಿಟ್ಟು. ಸೀಸ ವಿಷ, ಮುಟ್ಟುವುದಿಲ್ಲ. ಶುದ್ಧ ತವರವೇ ಆಗಬೇಕು. 232 ಡಿಗ್ರಿಗೆ ಕರಗುತ್ತದೆ, ಗ್ಯಾಸ್ ಒಲೆಯೇ ಸಾಕು. ಇಷ್ಟು ನಿಯಮವಿದ್ದ ಮನುಷ್ಯ ಅದನ್ನು ಕರಗಿಸಿದ್ದು ಅಕ್ಕನ ಒಗ್ಗರಣೆ ಸೌಟಿನಲ್ಲಿ.

‘ರೀ, ಇನ್ನೊಂದು ಸಲ ತವರ ಅಂದ್ರೆ ನಾನು ತವರಿಗೆ ಹೊರಟೆ!’

ಅಕ್ಕನ ತವರೆಂದರೆ ನಮ್ಮ ಮನೆ. ಸಂಜೆಯೊಳಗೆ ನಾನೇ ಹೊಸ ಸೌಟು ತಂದುಕೊಟ್ಟೆ.

ಮೊದಲು ಹುಟ್ಟಿದ ಆರು ಸಿಪಾಯಿಗಳಿಗೆ ಕೈಯೇ ಇರಲಿಲ್ಲ. ಅಚ್ಚಿನ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡರೆ ತವರ ಅಲ್ಲಿಗೆ ಇಳಿಯುವುದಿಲ್ಲ. ಬ್ಲೇಡಿನಿಂದ ಗಾಳಿ ಹೋಗಲು ಸಣ್ಣ ಕಾಲುವೆ ಕೊರೆದು, ಒಳಗೆ ಅಕ್ಕನ ಟಾಲ್ಕಂ ಪೌಡರ್ ಉದುರಿಸಿದ ಮೇಲೆ ಕೈಗಳು ಮೂಡಿದವು. ಕೈಯಿಲ್ಲದವರನ್ನು ಕರಗಿಸಿ ಮತ್ತೆ ಹೊಯ್ಯಬಹುದಿತ್ತು. ಭಾವನಿಗೆ ಮನಸ್ಸು ಬರಲಿಲ್ಲ, ಹಿಂದಿನ ಸಾಲಿಗೆ ಹಾಕಿದರು. ಖರ್ಚೆಷ್ಟಾಯಿತು ಎಂದು ಕೇಳಿದರೆ, ‘ಅಚ್ಚು ಇದೆಯಲ್ಲಾ!’ ಎನ್ನುತ್ತಾರೆ.

ಗೊಂಬೆ ನೋಡಲು ಬಂದ ಪಕ್ಕದ ಮನೆಯ ಹುಡುಗಿ ಒಬ್ಬ ಸಿಪಾಯಿಯನ್ನು ಎತ್ತಿ ತಿರುಗಿಸಿದಳು. ‘ಆಂಟೀ, ಇವನ ಬೆನ್ನ ಮೇಲೆ ಏನೋ ಗೆರೆಗೆರೆ ಇದೆ. ಎಲ್ಲರಿಗೂ ಇದೆ!’

ಅಕ್ಕ ಕನ್ನಡಕ ಏರಿಸಿ ನೋಡಿದಳು. ಎಂ-ಸೀಲ್ ಹಸಿಯಿದ್ದಾಗ ಒತ್ತಿದ್ದನ್ನು ರಬ್ಬರು ಒಂದು ಗೆರೆಯನ್ನೂ ಬಿಡದೆ ಹಿಡಿದುಕೊಂಡಿತ್ತು.

‘ಅಂಕಲ್ದು ಹೆಬ್ಬೆಟ್ಟು ಪುಟ್ಟಾ. ಬ್ಯಾಂಕಲ್ಲಿ ಅಷ್ಟು ವರ್ಷ ಊರವರ ಹತ್ರ ಒತ್ತಿಸ್ಕೊಂಡ್ರಲ್ಲಾ, ಈಗ ಇವರ ಸರದಿ,’ ಎಂದು ಕೋಸಂಬರಿ ತರಲು ಒಳಗೆ ಹೋದಳು.