ರಾಯರ ಆಂಟೆನಾ ನಾಮಕರಣ

ಮಧ್ಯದ ಕಂಬದಿಂದ ಎರಡೂ ಕಡೆ ತಂತಿ ಇಳಿಬಿಟ್ಟರೆ ಬೆಂಗಳೂರಿನ ಹ್ಯಾಮ್ ರೇಡಿಯೋ ಹವ್ಯಾಸಿಗಳೆಲ್ಲ ಅದನ್ನು ‘ಇನ್ವರ್ಟೆಡ್ ವಿ’ ಎನ್ನುತ್ತಾರೆ. ರಾಯರ ಮುಂದೆ ಮಾತ್ರ ಹಾಗೆನ್ನಬಾರದು. 7 ಮೆಗಾಹರ್ಟ್ಸ್‌ಗೆ ಬೇಕಾದ ಸುಮಾರು 20 ಮೀಟರ್ ತಂತಿಗೆ ಮೂವತ್ತು ನಲವತ್ತರ ಸೈಟಿನ ತಾರಸಿ ಸಾಲದೆ, ಬಾಲ ಎರಡನ್ನೂ ಸಿಂಟೆಕ್ಸ್ ಟ್ಯಾಂಕಿನ ಪಕ್ಕ ಅಂಕುಡೊಂಕು ತಿರುಗಿಸಿದ್ದಾರಲ್ಲ, ಆ ತಿರುವೇ ಅವರ ಸಂಶೋಧನೆ. ಎಸ್.ಪಿ. ರಸ್ತೆಯಿಂದ ತಂದ ಕೋಆಕ್ಸ್ ಕೇಬಲ್ಲಿಗೆ ಬೆಸುಗೆ ಬೀಳುವ ಮೊದಲೇ ಪಿವಿಸಿ ಪೈಪಿನ ಮೇಲೆ ಮಾರ್ಕರಿನಲ್ಲಿ ‘ಟಿಎಂ’ ಬಿದ್ದಿತ್ತು. ಅದರ ಹಿಂದಿನ ಜಾಗ, ಹೆಸರಿಗೆಂದು, ಇನ್ನೂ ಖಾಲಿ.

“ಬೇಗ ಹೆಸರಿಡದಿದ್ರೆ ಉದಾ ಗತಿಯೇ” ಎನ್ನುತ್ತಾರೆ ರಾಯರು. ಹಿಂದೆ ಟಿವಿಗೆಂದು ಮನೆಮನೆಯ ಮೇಲೆ ನಿಲ್ಲಿಸುತ್ತಿದ್ದ ಆಂಟೆನಾ 1926ರ ಹೊತ್ತಿಗೆ ಜಪಾನಿನ ಶಿಂತಾರೊ ಉದಾ ಮೈಮುರಿದು ರೂಪಿಸಿದ್ದು. ಜಗತ್ತಿನ ಬಾಯಲ್ಲಿ ಉಳಿದದ್ದು ಅವರ ಪ್ರೊಫೆಸರ್ ಯಾಗಿಯ ಹೆಸರು. ಇಂಗ್ಲೆಂಡಿನ ಲೂಯಿಸ್ ವಾರ್ನಿ ಜಾಣ. ಅವರ ಕಾಲ್‌ಸೈನ್ ಜಿ5ಆರ್‌ವಿ ಎಂಬುದೇ ಆಂಟೆನಾದ ಹೆಸರಾಯಿತು. ರಾಯರಿಗೂ ಆ ಆಸೆಯಿತ್ತು, ಆದರೆ ಕಾಲ್‌ಸೈನ್ ಸರ್ಕಾರದ್ದು, ಲೈಸೆನ್ಸ್ ನವೀಕರಣವಾಗದಿದ್ದರೆ?

‘ಗರುಡ’ ಎಂದರೆ ಮಾಲ್ ಇದೆ. ಕೊನೆಗೆ ಹೆಂಡತಿಯ ಹೆಸರೇ ಹೊಳೆಯಿತು: ‘ನಂದಿನಿ’. ಹೊಳೆದ ಮರುಕ್ಷಣ ಬೆವರು. ನಂದಿನಿ ಹಾಲಿನ ಕೆಎಂಎಫ್‌ನವರು ಕೇಸು ಹಾಕಿದರೆ?

ಎದುರುಮನೆಯ ವಕೀಲರು ನಕ್ಕರು. “ರಾಯರೇ, ನಂದಿನಿ ಡಿಲಕ್ಸ್ ಹೋಟೆಲಿನ ಮೇಲೆ ಕೆಎಂಎಫ್‌ನವರು ಸುಪ್ರೀಂ ಕೋರ್ಟಿನ ತನಕ ಹೋರಾಡಿದ್ರು. 2018ರಲ್ಲಿ ಗೆದ್ದದ್ದು ಹೋಟೆಲು. ಟ್ರೇಡ್‌ಮಾರ್ಕ್ ಪಟ್ಟಿಯಲ್ಲಿ ನಿಮ್ಮದು ಒಂಬತ್ತನೇ ಕ್ಲಾಸು, ಹಾಲಿನ ಸುದ್ದಿಯೇ ಬೇರೆ. ಆದ್ರೆ ಟ್ರೇಡ್‌ಮಾರ್ಕ್ ಕಾಯೋದು ಹೆಸರನ್ನ, ತಂತೀನಲ್ಲ. ಯಾರು ಬೇಕಾದ್ರೂ ಹೀಗೇ ತಿರುಗಿಸ್ಕೋಬಹುದು.”

ರಾಯರಿಗೆ ಕೇಳಿಸಿದ್ದು ‘ಗೆದ್ದದ್ದು’ ಎಂಬಷ್ಟೇ. ಆನ್‌ಲೈನ್ ಅರ್ಜಿಗೆ 4,500 ರೂಪಾಯಿ ಎಂದಾಗ ಮಾತ್ರ ಮುಖ ಸಪ್ಪಗಾಯಿತು. ಇಡೀ ಆಂಟೆನಾಗೆ ಅದರ ಅರ್ಧವೂ ಖರ್ಚಾಗಿರಲಿಲ್ಲ. (ಇದನ್ನು ಕದಿಯುವವರು ಯಾರು ಎಂದು ನಾನು ಕೇಳಲಿಲ್ಲ, ಕೇಳಿದ್ದರೆ ರಾತ್ರಿ ಊಟ ಅಲ್ಲೇ ಆಗುತ್ತಿತ್ತು.)

ಅಷ್ಟರಲ್ಲಿ ನಂದಿನಿಯಮ್ಮ ಒಣಗಿದ ಬಟ್ಟೆ ತೆಗೆಯಲು ಬಂದರು. ಕಂಬ ನಿಲ್ಲಿಸುವಾಗ ಎರಡು ತಾಸು ಬಿಸಿಲಲ್ಲಿ ಅದನ್ನು ಹಿಡಿದು ನಿಂತವರು ಅವರೇ.

“ರೀ, ಮೊನ್ನೆ ಮಳೆಗೆ ಅದು ಮಗುಚಿಕೊಂಡಿತಲ್ಲ, ಆಗ ರೇಡಿಯೋದಲ್ಲಿ ಊರಿಗೆಲ್ಲ ಹೇಳಿದ್ರಿ. ಇನ್ಮೇಲೆ ‘ನಂದಿನಿ ಬಿದ್ದೋದ್ಲು, ಓವರ್’ ಅಂತೀರಾ?”