ನನ್ನ ಸ್ಕೂಟರು, ಬಾಯಮ್ಮನ ಶಿಲುಬೆ

ಮಂಗಳೂರಿನಲ್ಲಿ ಕಥೊಲಿಕ ಹೆಂಗಸರನ್ನು ನೆರೆಕರೆಯವರು ಬಾಯಮ್ಮ ಅನ್ನುವುದುಂಟು. ಕೇರಿಗೊಬ್ಬ ಪರೋಪಕಾರಿ ಬಾಯಮ್ಮ ಇದ್ದೇ ಇರುತ್ತಾರೆ. ನಮ್ಮ ಕೇರಿಯ ಬಾಯಮ್ಮ ನನ್ನ ಕಾಂಪೌಂಡಿಗೆ ತಾಗಿಕೊಂಡೇ ಇದ್ದಾರೆ. ಯಾವ ಜನ್ಮದ ಸಾಲವೋ!

ಹನ್ನೆರಡು ವರ್ಷಗಳಲ್ಲಿ ಅವರು ನನ್ನ ಹತ್ತಿರ ಯೇಸುವಿನ ಸುದ್ದಿ ಎತ್ತಿದವರಲ್ಲ. ಎತ್ತಿದ್ದರೆ ವಾದ ಮಾಡಿ ಗೆಲ್ಲಬಹುದಿತ್ತು. ಗೋಡೆಯಾಚೆಯಿಂದ ಬರುವುದು ಒಂದೇ ಪ್ರಶ್ನೆ: "ಸ್ಕೂಟರಿನಲ್ಲಿ ಪೆಟ್ರೋಲ್ ಉಂಟಲ್ಲ?"

ಉಂಟು ಎಂದರೆ ಮುಗಿಯಿತು. ವೆನ್ಲಾಕ್ ಆಸ್ಪತ್ರೆಗೆ ಗಂಜಿ, ಯಾರದೋ ರೇಷನ್ ಕಾರ್ಡು, ಕ್ರಿಸ್ಮಸ್ಸಿಗೆ ಮನೆಮನೆಗೆ ಕುಸ್ವಾರ್ ತಿಂಡಿಗಳ ತಟ್ಟೆ. ಪುಣ್ಯ ಅವರದು, ಪಂಕ್ಚರ್ ನನ್ನದು. ಒಮ್ಮೆ ಮದುವೆಗೆಂದು ಇಗರ್ಜಿಗೆ ಹೋದಾಗ ಗೋಡೆಯ ಮೇಲೆ ಶಿಲುಬೆಯ ಹಾದಿಯ 14 ಚಿತ್ರಗಳನ್ನು ನೋಡಿದೆ. ಐದನೆಯದರಲ್ಲಿ ಸಿರೇನ್ಯದ ಸಿಮೋನ. ಪಾಪ, ಹೊಲದಿಂದ ಬರುತ್ತಿದ್ದವನನ್ನು ಹಿಡಿದು ಶಿಲುಬೆ ಹೊರಿಸಿದರಂತೆ. ಮುಖ ಎಲ್ಲೋ ನೋಡಿದ ಹಾಗಿತ್ತು. ಬೆಳಿಗ್ಗೆ ಗಡ್ಡ ಹೆರೆಯುವಾಗ ಗೊತ್ತಾಯಿತು.

ಹೋದ ವರ್ಷದ ಮೊಂತಿ ಹಬ್ಬ. ಸೆಪ್ಟೆಂಬರ್ 8, ಮರಿಯಮ್ಮನವರ ಹುಟ್ಟುಹಬ್ಬ, ಹೊಸ ಭತ್ತದ ತೆನೆ ಮನೆಗೆ ಬರುವ ದಿನ. ಜಡಿಮಳೆ. ಹಿಂದೆ ಬಾಯಮ್ಮ, ಅವರ ತೊಡೆಯ ಮೇಲೆ ನಾಲ್ಕು ಅಂತಸ್ತಿನ ಬುತ್ತಿ, ನನ್ನ ಬೆನ್ನಿಗೆ ಬಿಸಿ. ಕಂಕನಾಡಿ ದಾಟುತ್ತಲೇ ಸ್ಕೂಟರು ನಿಂತಿತು. ಅವರು ಬುತ್ತಿಗೆ ಕೊಡೆ ಹಿಡಿದರು. ನಾನು ಒದ್ದೆಯಾಗುತ್ತ ತಳ್ಳಿದೆ. ಸಿಟ್ಟು ತಡೆಯಲಾರದೆ ಕೇಳಿದೆ: "ಇಷ್ಟು ಅವಸರದಲ್ಲಿ ಯಾರಿಗೆ ಬಾಯಮ್ಮ? ನಿಮ್ಮ ಇಗರ್ಜಿಯವರಾ?"

"ಇಗರ್ಜಿಯಾ? ಭಟ್ರು ಮಾರಾಯ್ರೆ! ಹಾಸಿಗೆ ಹಿಡಿದಿದ್ದಾರೆ. ಮಡಿ ಎಲ್ಲ ಬಿಟ್ಟಿದ್ದಾರೆ, ಮೀನಿನ ವಾಸನೆ ಮಾತ್ರ ಆಗುವುದಿಲ್ಲ. ನಮ್ಮ ಹಬ್ಬದೂಟದಲ್ಲಿ ಮೀನು ಮಾಂಸ ಇಲ್ಲದ್ದು ಇದೊಂದೇ ಅಲ್ವಾ? ತಪ್ಪಿದರೆ ಇನ್ನು ಬರುವ ವರ್ಷ."

ಭಟ್ಟರು ಉಣ್ಣುವವರೆಗೆ ಇವರು ಹನಿ ನೀರು ಕುಡಿಯಲಿಲ್ಲ. ನಾನು ಪಾಯಸ ಎರಡು ಸಲ ಹಾಕಿಸಿಕೊಂಡೆ. ಸಿಟ್ಟಿದ್ದರೂ ಹಸಿವೆ ಬೇರೆ.

ಈ ವರ್ಷ ಬಾಯಮ್ಮ ಮಗಳ ಬಾಣಂತನಕ್ಕೆ ಕುವೈತಿಗೆ ಹೋಗಿದ್ದಾರೆ. ಗೋಡೆಯಾಚೆ ಸದ್ದಿಲ್ಲ. ಸುಖವಾಗಿ ನಿದ್ದೆ ಮಾಡಬೇಕು ಎಂದು ಐದಕ್ಕೇ ಏಳುತ್ತೇನೆ. ಮೊಂತಿ ಹಬ್ಬದ ಬೆಳಿಗ್ಗೆ ಫೋನು ಬಂತು.

"ಪೆಟ್ರೋಲ್ ಉಂಟಲ್ಲ?"

"ನಮ್ಮಲ್ಲಿ ಇವತ್ತು ಬಂಗುಡೆ ಮೀನು, ಬಾಯಮ್ಮ," ಎಂದೆ, ಗೆದ್ದವನ ಹಾಗೆ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಹೆಂಡತಿ ಮೀನು ಸೋಕದ ಪಾತ್ರೆ ಅಟ್ಟದಿಂದ ಇಳಿಸುತ್ತಿದ್ದಳು.